ಪೆಟ್ಟಿಗೆಯ ಮೇಲೆ ಇಟ್ಟ ಕೈ

ಕಳೆದ ವರ್ಷ, ಎಂಬತ್ತಾರರ ಭಾದ್ರಪದದಲ್ಲಿ, ಬನಹಟ್ಟಿಯ ಗಣಪತಿ ಮಂಟಪದ ಮುಂದೆ ನಕ್ಕವರಲ್ಲಿ ನೀವು ಇರಲಿಲ್ಲವೇ? ಇರಲಿಲ್ಲ ಎನ್ನುವ ಮೊದಲು ನೆನಪು ಮಾಡಿಕೊಳ್ಳಿ. ಬಯಲು ತುಂಬಿ ಜನ ಕುಳಿತಿದ್ದರು, ನಗದವರು ತೀರ ಕಡಿಮೆ. ನಕ್ಕಿದ್ದು ಒಂದು ಸಣ್ಣ ಮಾತಿಗೆ, ಒಂದು ಗಳಿಗೆ ಮಾತ್ರ. ಮನೆಗೆ ಹೋಗಿ ಉಂಡು ಮಲಗಿದಿರಿ. ಆ ನಗೆ ಒಂದು ಮನೆಯೊಳಗೆ ಏನು ಮಾಡಿತೆಂದು ಯಾರೂ ವಿಚಾರಿಸಲಿಲ್ಲ. ಆದ್ದರಿಂದ ಹೇಳಬೇಕಾಗಿದೆ.

ಮಹಾಲಿಂಗಪ್ಪ ಪಾವರ್‌ಲೂಮಿನ ನೇಕಾರರು. ಕೈಮಗ್ಗ ಬಿಟ್ಟು ಶೆಡ್ಡಿಗೆ ಸೇರಿದಾಗ ಅವರಿಗೆ ಮದುವೆಯಾಗಿತ್ತು, ಮಗ ಹುಟ್ಟಿರಲಿಲ್ಲ. ನಮ್ಮ ಹೆಣ್ಣುಮಕ್ಕಳು ಉಡುವ ಸೀರೆಗಳನ್ನು ನೇಯುತ್ತ ನೇಯುತ್ತ ಅವರು ಕಿವಿ ಕಳೆದುಕೊಂಡರು. ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಹೆಂಡತಿ ಅನಸವ್ವನ ದನಿ, ಕಡೆಗೆ ಮಗ ನೀಲಕಂಠನ ದನಿ. ಮಾತಿಗೆ ಹೆಚ್ಚಿನ ತೊಂದರೆಯಾಗಲಿಲ್ಲ. ಮಗ್ಗಗಳ ಸದ್ದಿನಲ್ಲಿ ದುಡಿಯುವವರು ಕೂಗಿ ಮಾತಾಡುವುದಿಲ್ಲ, ಒಬ್ಬರ ತುಟಿಯನ್ನು ಒಬ್ಬರು ನೋಡಿ ಮಾತು ಹಿಡಿಯುತ್ತಾರೆ. ಓಣಿಯ ಆಚೆ ಬದಿಯಲ್ಲಿ ನಿಂತವರ ತುಟಿಯನ್ನೂ ಮಹಾಲಿಂಗಪ್ಪ ಓದಬಲ್ಲರು. ಹೋದದ್ದು ಹಾಡು. ಶೆಡ್ಡು ಸೇರುವ ಮೊದಲು ಅವರು ಸೋಮವಾರದ ಭಜನೆಯಲ್ಲಿ ತಾಳ ಹಿಡಿದು ಪದ ಹೇಳುತ್ತಿದ್ದರು. ಕಿವಿ ಮಂದವಾದಂತೆ ತಾಳ ತಪ್ಪತೊಡಗಿತು. ಯಾರೂ ಬೇಡವೆನ್ನಲಿಲ್ಲ, ಅವರೇ ಹೋಗುವುದನ್ನು ನಿಲ್ಲಿಸಿದರು.

ಮಗನಿಗೆ ಅವರು ಶೆಡ್ಡಿನ ಹೊಸ್ತಿಲು ತುಳಿಯಗೊಡಲಿಲ್ಲ. ನೀಲಕಂಠ ಓದಿ ರಬಕವಿಯ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತನಾದ. ರವಿವಾರ ಬಂದರೆ ಜಮಖಂಡಿಗೆ ಹೋಗಿ ಒಂದು ಆರ್ಕೆಸ್ಟ್ರಾದವರ ತಾಲೀಮಿನಲ್ಲಿ ಕುಳಿತಿರುತ್ತಿದ್ದ. ಅಲ್ಲಿ ದತ್ತಾತ್ರೇಯ ಎಂಬವರು ಬೇಸ್ ಗಿಟಾರ್ ಬಾರಿಸುತ್ತಿದ್ದರು. ನಾಲ್ಕೇ ದಪ್ಪ ತಂತಿಗಳ ಆ ವಾದ್ಯಕ್ಕೆ ಮುಂದೆ ನಿಂತು ಮೆರೆಯುವ ಕೆಲಸವಿಲ್ಲ. ಹಾಡಿನ ತಳದಲ್ಲಿದ್ದು ಉಳಿದವರನ್ನು ಹೊರಬೇಕು, ಅಷ್ಟೆ. ನೀಲಕಂಠನಿಗೆ ಅದೇ ಹಿಡಿಸಿತು. ಹೊಸ ವಾದ್ಯ ತಂದಾಗ ದತ್ತಾತ್ರೇಯರು ಹಳೆಯದನ್ನೂ ಒಂದು ಸಣ್ಣ ಆಂಪ್ಲಿಫೈಯರನ್ನೂ ಅವನಿಗೆ ಕೊಟ್ಟರು. ಮನೆಗೆ ತಂದು ಬಾರಿಸಿದ ಮೊದಲ ದಿನವೇ ಅನಸವ್ವ ಅಡಿಗೆಮನೆಯಿಂದ ಹೊರಬಂದಳು.

"ಇದೇನ ಬಾರಿಸ್ತೀಯೋ ಯಪ್ಪಾ? ಎಮ್ಮಿ ಹೊಟ್ಟಿ ಉಬ್ಬಿ ಗುಡುಗುಟ್ಟಿದಂಗ ಆಗತೈತಿ."

ಮಗ್ಗಗಳಿಗೆ ವಾರದ ರಜೆಯಿದ್ದ ಒಂದು ದಿನ ಅವನು ಆಂಪ್ಲಿಫೈಯರನ್ನು ತಂದೆ ಕುಳಿತಿದ್ದ ಹಲಗೆಯ ಮಂಚದ ಮೇಲೆಯೇ ಇಟ್ಟು ಬಾರಿಸತೊಡಗಿದ. ಅಡಿಕೆ ಕತ್ತರಿಸುತ್ತಿದ್ದ ಮಹಾಲಿಂಗಪ್ಪ ಕೈ ತಡೆದರು. ಅಡಕತ್ತರಿಯನ್ನು ಕೆಳಗಿಟ್ಟು ಅಂಗೈಯನ್ನು ಹಲಗೆಗೆ ಒತ್ತಿದರು. ಮತ್ತೊಮ್ಮೆ ಎಂದು ಸನ್ನೆ ಮಾಡಿದರು. ನೀಲಕಂಠ ಬಾರಿಸುತ್ತಿದ್ದುದು ತಾಯಿ ಆಗಾಗ ಗುನುಗುತ್ತಿದ್ದ ಒಂದು ಧಾಟಿ. ಎರಡನೆಯ ಸಲ ಮುಗಿಯುವ ಮೊದಲೇ ತಂದೆ ಕಿವುಡರ ಗಟ್ಟಿ ದನಿಯಲ್ಲಿ ಕೇಳಿದರು:

"ಇದು ನಮ್ಮ ಭಜನಿ ಪದ ಅಲ್ಲೇನೋ?"

ಅನಸವ್ವ ಬಾಗಿಲಲ್ಲಿ ನಿಂತುಬಿಟ್ಟಳು. ಮಹಾಲಿಂಗಪ್ಪ ಬೆರಳುಗಳನ್ನು ಅಗಲಿಸಿ ಹಲಗೆಯ ಮೇಲೆ ಅತ್ತಿತ್ತ ಸರಿಸಿ ಹುಡುಕಿದರು.

"ನುಡಿ ಕೈಗೆ ಹತ್ತತೈತಿ. ಪಲ್ಲವಿ ಮಾತ್ರ ಮ್ಯಾಲ ಏರತೈತಿ, ಕೈಯಾಗ ಸಿಗವಲ್ದು. ಇನ್ನಷ್ಟು ಜೋರು ಮಾಡಾಕ ಬರೂದಿಲ್ಲೇನು?"

ಆಂಪ್ಲಿಫೈಯರಿನ ಗುಂಡಿ ಆಗಲೇ ಕೊನೆಗೆ ಬಂದಿತ್ತು. ಇದರ ಬಲವೇ ಇಷ್ಟು ಎಂದು ಮಗ ತುಟಿಯಾಡಿಸಿ ಹೇಳಿದ. ತಂದೆ ತಲೆಯಾಡಿಸಿದರು, ಕೈಯನ್ನು ಮಾತ್ರ ಬಹಳ ಹೊತ್ತು ತೆಗೆಯಲಿಲ್ಲ.

ಗಣಪತಿ ಮಂಡಳಿಯವರು ಆ ವರ್ಷ ಒಂದು ಸಂಜೆಯನ್ನು ಮುಕ್ತ ವೇದಿಕೆ ಎಂದು ಸಾರಿದ್ದರು. ಯಾರು ಬೇಕಾದರೂ ಹತ್ತಬಹುದು, ಬಂದದ್ದನ್ನು ಹಾಡಬಹುದು, ಬಾರಿಸಬಹುದು. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಧ್ವನಿಪೆಟ್ಟಿಗೆಗಳು ಬರುತ್ತವೆಂದು ತಿಳಿದಾಗ ನೀಲಕಂಠ ಹೋಗಿ ಹೆಸರು ಕೊಟ್ಟ. ಅವನಿಗೆ ಚಪ್ಪಾಳೆಯ ಆಸೆ ಇರಲಿಲ್ಲ. ತಂದೆಯ ಕೈಗೆ ಆ ಪಲ್ಲವಿ ಒಮ್ಮೆ ಪೂರ್ತಿಯಾಗಿ ಸಿಗಬೇಕಾಗಿತ್ತು.

ತಾಲೀಮು ಸುಲಭವಿರಲಿಲ್ಲ. ಮಗ್ಗ ನಡೆಯುವ ದಿನ ಓಣಿಯ ನೆಲವೆಲ್ಲ ನಡುಗುತ್ತದೆ. ಹಲಗೆಯ ಮೇಲಿಟ್ಟ ಅಂಗೈಗೆ ಹಾಡು ಯಾವುದು, ಮಗ್ಗ ಯಾವುದು ತಿಳಿಯದು. ಕರೆಂಟು ಹೋಗಿ ಮಗ್ಗ ನಿಂತರೆ ಆಂಪ್ಲಿಫೈಯರೂ ನಿಲ್ಲುತ್ತದೆ. ಉಳಿದದ್ದು ವಾರದ ರಜೆಯ ದಿನವೊಂದೇ. ಆ ದಿನ ಮಗನ ಬೆರಳ ತುದಿ ಬೊಬ್ಬೆ ಏಳುವವರೆಗೆ ಇಬ್ಬರೂ ಕೂಡುತ್ತಿದ್ದರು. ತಂದೆಯ ಒಂದು ಕೈ ಹಲಗೆಯ ಮೇಲೆ, ಇನ್ನೊಂದು ತೊಡೆಯ ಮೇಲೆ ತಾಳ ಹಾಕುತ್ತ. ಅವಸರ ಮಾಡಿದರೆ ಬೈಗಳು. ಬೇಸ್ ಒಂದನ್ನೇ ಜನ ಕೇಳಲಾರರು, ಹಾಡುವವನನ್ನು ಜೊತೆಗೆ ಕರೆದುಕೋ ಎಂದು ದತ್ತಾತ್ರೇಯರು ಬುದ್ಧಿ ಹೇಳಿದರು. ಹಾಡುವವನು ಬಂದರೆ ಅವನ ನಡಿಗೆಯಲ್ಲಿ ನಡೆಯಬೇಕಾಗುತ್ತದೆ, ತಂದೆಯ ಕೈಗೆ ಬೇಕಾದ ನಿಧಾನ ಉಳಿಯದು ಎಂದು ನೀಲಕಂಠ ಒಪ್ಪಲಿಲ್ಲ. ಕಾರ್ಯಕ್ರಮದ ಹಿಂದಿನ ದಿನ ಮೈಕ್‌ಸೆಟ್ಟಿನ ಹುಲೆಪ್ಪನ ಬಳಿಗೂ ಹೋಗಿ, ದನಿ ತೀರ ಕೆಳಗಿನದು, ತಪ್ಪು ತಿಳಿಯಬೇಡ ಎಂದು ಹೇಳಿ ಬಂದ. ಹುಲೆಪ್ಪ ನಕ್ಕ.

"ತಿಳೀತ ಬಿಡೋ ಮಾರಾಯಾ. ಗುಂಯ್ ಅಂದ್ರ ಅದು ಮಿಶನ್ ಕೆಟ್ಟಿದ್ದಲ್ಲ, ನೀನ."

ಈ ಮಾತನ್ನು ಓದುಗರು ಗಮನದಲ್ಲಿಡಬೇಕು. ಹುಲೆಪ್ಪನಿಗೆ ಗೊತ್ತಿತ್ತು.

ಆ ಸಂಜೆ ಮಹಾಲಿಂಗಪ್ಪ ಇಸ್ತ್ರಿಯ ಧೋತರ ಉಟ್ಟು, ರುಮಾಲು ಸುತ್ತಿ, ಎಲ್ಲರಿಗಿಂತ ಮೊದಲೇ ಬಂದು ಬಲಬದಿಯ ಪೆಟ್ಟಿಗೆಯ ಪಕ್ಕ ಕುಳಿತರು. ಮಕ್ಕಳು ಪದ್ಯ ಹೇಳಿದರು, ಯಾರೋ ಸಿನಿಮಾ ಹಾಡು ಹಾಡಿದರು. ಅದೆಲ್ಲಕ್ಕೂ ಚಪ್ಪಾಳೆ ಬಿತ್ತು. ನೀಲಕಂಠನ ಸರದಿ ಬಂದಾಗ ಅವರು ಎದ್ದು ನಿಂತು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಮೊದಲ ನುಡಿ ಬಂತು. ಅನಸವ್ವ ದೂರದಿಂದಲೇ ನೋಡಿದಳು: ಗಂಡನ ತುಟಿಗಳು ಆ ಪದವನ್ನು ಹೇಳುತ್ತಿದ್ದವು.

ಜನರಲ್ಲಿ ಗುಜುಗುಜು ಎದ್ದಿತು. ಮೈಕು ಕೆಟ್ಟಿದೆ ಎಂದು ಒಬ್ಬ ಕೂಗಿದ, ಅರ್ಥಿಂಗ್ ಸರಿಯಿಲ್ಲ ಎಂದು ಇನ್ನೊಬ್ಬ. ಹಗಲೆಲ್ಲ ಯಂತ್ರದ ಜೊತೆ ಬದುಕುವ ಊರಿಗೆ ಅಂಥ ಗುಂಯ್‌ಗುಡುವ ಸದ್ದಿಗೆ ಒಂದೇ ಅರ್ಥ ಗೊತ್ತು: ಏನೋ ಕೆಟ್ಟಿದೆ. ಮುಂದಿನ ಕುರ್ಚಿಯಲ್ಲಿ ಅತಿಥಿಯ ಪಕ್ಕ ಕುಳಿತಿದ್ದ ಮಂಡಳಿಯ ಅಧ್ಯಕ್ಷ ಕೃಷ್ಣಾಜಿಯವರು, ಏನು ಎತ್ತ ಎಂದು ಕೇಳದೆ, ಬೆರಳು ಕೆಳಗೆ ಮಾಡಿ ಹುಲೆಪ್ಪನಿಗೆ ಸನ್ನೆ ಮಾಡಿದರು. ಹುಲೆಪ್ಪ ವೇದಿಕೆಯತ್ತ ನೋಡಿದ, ಅಧ್ಯಕ್ಷರತ್ತ ನೋಡಿದ, ಗುಂಡಿ ತಿರುಗಿಸಿದ.

ನುಡಿ ಮುಗಿದು ಪಲ್ಲವಿ ಆಗ ತಾನೆ ಬರುವುದಿತ್ತು. ಅದಕ್ಕಾಗಿ ಮಹಾಲಿಂಗಪ್ಪ ಎರಡನೆಯ ಕೈಯನ್ನೂ ಪೆಟ್ಟಿಗೆಗೆ ಒತ್ತಿದ್ದರು. ಅದೇ ಕ್ಷಣಕ್ಕೆ ಆ ಕೈಗಳ ಕೆಳಗೆ ಪೆಟ್ಟಿಗೆ ತಣ್ಣಗಾಯಿತು. ಮುಂದಿನ ಸಾಲಿನಲ್ಲಿ ಯಾರೋ ಬೆರಳು ಮಾಡಿ ತೋರಿಸಿದರು.

"ನೋಡ್ರಿ, ಯಜ್ಜ ಕೈ ಇಟ್ಟ, ಪೆಟಗಿ ಜೀವಾನ ಹೋತು."

ಬಯಲೆಲ್ಲ ನಕ್ಕಿತು. ಕಿವುಡನಿಗೆ ಏನು ಕೇಳಿಸೀತು ಎಂಬ ಧೈರ್ಯದಿಂದ ನಕ್ಕಿತು. ಮಹಾಲಿಂಗಪ್ಪ ಆ ಮಾತನ್ನು ತುಟಿಯ ಮೇಲೆ ಓದಿದರು, ಮತ್ತು ನಂಬಿದರು. ಶೆಡ್ಡಿನಲ್ಲಿ ಒಂದು ಕಾಯಿದೆಯಿದೆ: ಯಾರ ಕೈ ಕೆಳಗೆ ಮಗ್ಗ ನಿಂತಿತೋ ತಪ್ಪು ಅವರದು, ಬೇರೆ ಸಾಕ್ಷಿ ಬೇಡ. ಆಯುಷ್ಯವೆಲ್ಲ ಆ ಕಾಯಿದೆಯಲ್ಲಿ ದುಡಿದ ಮನುಷ್ಯ ಎರಡೂ ಕೈ ಜೋಡಿಸಿಕೊಂಡು ಹುಲೆಪ್ಪನ ಮುಂದೆ ಹೋಗಿ ನಿಂತರು.

"ತಪ್ಪಾತು ತಮ್ಮಾ. ತಡೀಲಾರ್ದ ಕೈ ಇಟ್ಟೆ."

ಬಂದ್ ಮಾಡಿದವನು ನಾನು ಎಂದು ಹುಲೆಪ್ಪ ಹೇಳಬಹುದಾಗಿತ್ತು. ಅಧ್ಯಕ್ಷರು ಪಕ್ಕದಲ್ಲೇ ಇದ್ದರು. ಹೋಗಲಿ ಬಿಡು ಎಂಬಂತೆ ಕೈಯಾಡಿಸಿದ. ಮಾಡದ ತಪ್ಪಿಗೆ, ಮಾಡಿದವನಿಂದಲೇ ಕ್ಷಮೆ ಪಡೆದು ಮಹಾಲಿಂಗಪ್ಪ ಮನೆಗೆ ನಡೆದರು.

ನೀಲಕಂಠ ಬಾರಿಸುವುದನ್ನು ಬಿಟ್ಟು ಇಳಿದು ಬಂದಿದ್ದ. ಮನೆಯಲ್ಲಿ ತಂದೆಯ ಎದುರು ಕುಳಿತು ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

"ಅಪ್ಪಾ, ನಿನ್ನ ಕೈಲೆ ಏನೂ ಆಗಿಲ್ಲ. ಹುಲೆಪ್ಪ ಬಂದ್ ಮಾಡಿದ."

"ಮಗಾ ಇದ್ದಿ, ಹಂಗ ಅಂತಿ," ಎಂದರು ತಂದೆ. "ಊರ ಮಂದಿ ಅಂದದ್ದು ನಾ ಕಂಡೇನಿ."

ಮುಂದಿನ ರಜೆಯ ದಿನ ಆಂಪ್ಲಿಫೈಯರು ಹಲಗೆಯ ಮೇಲೆ ಬಂದೊಡನೆ ಮಹಾಲಿಂಗಪ್ಪ ಎದ್ದು ನೆಲಕ್ಕೆ ಕುಳಿತು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡರು. ಅನಸವ್ವ ಒಂದು ಕೈ ಹಿಡಿದೆಳೆದು ಹಲಗೆಗೆ ತಂದಳು. ಕಾದ ಹಂಚು ಮುಟ್ಟಿದವರಂತೆ ಅವರು ಕೊಸರಿಕೊಂಡರು.

"ಬ್ಯಾಡ. ಹುಡುಗನ ಹತ್ರ ಇದ್ದದ್ದೊಂದೂ ಕೆಟ್ಟು ಹೋದೀತು."

ನೀಲಕಂಠ ಪದವನ್ನು ಪಲ್ಲವಿಯವರೆಗೂ ಬಾರಿಸಿದ. ಆ ಮನೆಯಲ್ಲಿ ಅದು ತಾಯಿಯೊಬ್ಬಳಿಗೆ ಮಾತ್ರ ತಲುಪಿತು. ಈಗ ಅವನು ಜಮಖಂಡಿಗೆ ಹೋಗುವುದಿಲ್ಲ. ವಾದ್ಯ ಗೋಡೆಗೆ ಒರಗಿದೆ. ಮಹಾಲಿಂಗಪ್ಪ ಮಗನ ರೇಡಿಯೊವನ್ನೂ ಮುಟ್ಟುವುದಿಲ್ಲ, ದೀಪದ ಗುಂಡಿಯನ್ನೂ ಹೆಂಡತಿಯಿಂದಲೇ ಹಾಕಿಸುತ್ತಾರೆ.

ಅವರ ಕಿವಿಯನ್ನು ತಿಂದದ್ದು ಯಂತ್ರ, ಯಂತ್ರಕ್ಕೆ ವಿವೇಕವಿಲ್ಲ. ಕೈಯನ್ನು ಕಸಿದುಕೊಂಡವರಿಗೆ ವಿವೇಕವಿತ್ತು, ಶಾಲೆಯಲ್ಲಿ ನೀತಿಯ ಪಾಠವೂ ಆಗಿತ್ತು. ಇದನ್ನು ಹಾಸ್ಯ ಎಂದು ಕರೆದು ಜಾರಿಕೊಳ್ಳುವುದು ಸಲ್ಲದು.

ಮಹಾಲಿಂಗಪ್ಪ ಮಗನ ಮಾತು ನಂಬುವುದಿಲ್ಲ, ಹೆಂಡತಿಯ ಮಾತು ನಂಬುವುದಿಲ್ಲ. ಅವರು ನಂಬಿದ್ದು ಊರನ್ನು. ಹಾಗಾದರೆ ಊರೇ ಹೋಗಬೇಕು. ಹುಲೆಪ್ಪ ಮೊದಲು ಹೋಗಲಿ. ಅವನಿಗೆ ಧೈರ್ಯ ಸಾಲದಿದ್ದರೆ ನೀವು ಹೋಗಿರಿ. ಮುಂಜಾನೆ ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಕೂಗಬೇಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಂತು, ತುಟಿ ಕಾಣುವಂತೆ, ಇಷ್ಟೇ ಹೇಳಿರಿ: ಅಂದು ಪೆಟ್ಟಿಗೆ ನಿಮ್ಮ ಕೈಯಿಂದ ಕೆಡಲಿಲ್ಲ, ನಾವೇ ಬಂದ್ ಮಾಡಿದೆವು. ಅವರು ನಂಬುವವರೆಗೆ ಹೇಳಿರಿ. ದಯವಿಟ್ಟು ನಾಳೆಗೆ ಇಡಬೇಡಿ.