ಬಿಡಲಿಕ್ಕೊಂದು ಸ್ಕೂಟರ್

ಮುಂಬೈ ಹತ್ತಿರದ ಠಾಕುರ್ಲಿಯಿಂದ ಪಕ್ಕದ ಡೊಂಬಿವಲಿಯ ಡಬ್ಬಿ ಕಾರ್ಖಾನೆಗೆ ಮಾನಪ್ಪ ನಡೆದೇ ಹೋಗುತ್ತಿದ್ದ. ಕಲಬುರಗಿ ಬಿಟ್ಟು ಬಂದು ಲೋಡಿಂಗ್ ಕೆಲಸ ಹಿಡಿದಂದಿನಿಂದ ಇದೇ ರೂಢಿ. ಅದರಲ್ಲೊಂದು ಹೆಚ್ಚುಗಾರಿಕೆ ಇದೆಯೆಂದು ಯಾರೂ ಹೇಳಿರಲಿಲ್ಲ, ಕಂಪನಿ ಗೇಟಿಗೆ ‘ಹಸಿರು ರಜೆ’ಯ ಬೋರ್ಡು ಹಾಕುವ ತನಕ. ಒಂದು ತಿಂಗಳು ಗಾಡಿ ಬಿಟ್ಟು ರೈಲಲ್ಲೋ ಸೈಕಲ್ಲಲ್ಲೋ ನಡೆದೋ ಬಂದವರಿಗೆ ಎರಡು ದಿನ ರಜೆಯಂತೆ.

ಎರಡು ದಿನ! ಮಾನಪ್ಪ ಹಿರಿಹಿರಿ ಹಿಗ್ಗಿದ. ಊರಲ್ಲಿ ಮಗಳು ಜ್ಯೋತಿ ಚೊಚ್ಚಲ ಹೆತ್ತಿದ್ದಳು. ಮುಂದಿನ ತಿಂಗಳು ತೊಟ್ಟಿಲ ಕಾರ್ಯ. ಅವನ ರಜೆಯನ್ನೆಲ್ಲ ಮಳೆಗಾಲದ ಜ್ವರವೇ ನುಂಗಿ ನೀರು ಕುಡಿದಿತ್ತು.

ರಜೆ ನೋಡಿಕೊಳ್ಳುವ ಪ್ರಣೀತಾ ಮೇಡಂ ಉಡುಪಿ ಕಡೆಯವಳು. ಅವಳ ಮುಂದೆ ಹೋಗಿ ನಿಂತ.

“ಮೇಡಂ, ನಾ ದಿನಾ ನಡ್ಕೋತನೇ ಬರ್ತೀನ್ರಿ. ನನಗ ರಜಾ ಬರೀರಿ.”

“ಗಾಡಿ ಬಿಟ್ಟವರಿಗೆ ಮಾತ್ರ ಉಂಟು ಮಾನಪ್ಪಣ್ಣ. ನಿಮ್ಮತ್ರ ಬಿಡ್ಲಿಕ್ಕೆ ಗಾಡಿಯೇ ಇಲ್ಲ ಅಲ್ವಾ ಮಾರಾಯ್ರೇ? ಇರಿ, ಮೇಲಿನವರ ಹತ್ರ ಕೇಳಿ ನೋಡ್ತೇನೆ.”

ಮಾನಪ್ಪನ ತಲೆ ಗಿರ್ರೆಂದಿತು. ಕುಡಿಯುವುದನ್ನು ಬಿಟ್ಟವನಿಗೆ ಹಾರ, ಕುಡಿಯದೇ ಇದ್ದವನಿಗೆ ಬರೀ ಕೈಯೇ? ಇದೆಂಥ ನ್ಯಾಯವಪ್ಪಾ! ಇನ್ನು ಮೇಲಿನವರೋ, ದೇವರ ಹಾಗೆ, ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗುವುದಿಲ್ಲ. ಅವರನ್ನು ನಂಬಿ ಕೂರುವ ಬದಲು ಹೆಂಡತಿಯ ತಮ್ಮ ಸಿದ್ರಾಮನ ಹಳೇ ಸ್ಕೂಟರ್ ಕೇಳಿ ತಂದ. ನಾಲ್ಕು ದಿನ ಎಲ್ಲರ ಕಣ್ಣಿಗೆ ಬೀಳುವಂತೆ ಓಡಿಸುವುದು, ಆಮೇಲೆ ಬಿಡುವುದು. ಗೇಟಿನ ವಾಚ್‌ಮನ್ ಅಂಬಾದಾಸ ನಂಬರು ಬರೆದುಕೊಂಡು ಅದಕ್ಕೆ ಕಂಪನಿಯ ಸ್ಟಿಕರನ್ನೂ ಅಂಟಿಸಿದ.

ವಾರ ಕಳೆಯುವ ಮೊದಲೇ ಪ್ರಣೀತಾ ಗೇಟಿಗೇ ಓಡಿ ಬಂದಳು.

“ಮಾನಪ್ಪಣ್ಣ, ಆಯ್ತು! ಗಾಡಿಯೇ ಇಲ್ಲದೆ ಮೊದಲಿಂದ ನಡೆದು ಬರುವವರಿಗೂ ರಜೆ ಉಂಟಂತೆ. ನಿಮ್ಮ ಹೆಸರೇ ಹೇಳಿ ಒಪ್ಪಿಸಿದ್ದು…” ಎನ್ನುತ್ತಲೇ ಅವಳ ಕಣ್ಣು ಸ್ಕೂಟರಿನ ಮೇಲೆ ಬಿತ್ತು. “ಇದು ಯಾರದ್ದು?”

“ಬಿಡ್ಲಿಕ್ಕ ತಂದೀನ್ರಿ ಮೇಡಂ.”

“ಅಯ್ಯೋ ದೇವರೇ! ಸ್ಟಿಕರ್ ಬಿದ್ರೆ ಕಂಪ್ಯೂಟರಲ್ಲಿ ನೀವು ಗಾಡಿಯವರು.”

“ಹಂಗಾರ ಇವತ್ತೇ ಬಿಡ್ತೀನ್ರಿ!”

“ಬೋರ್ಡು ಹಾಕಿದ ಮೇಲೆ ತಂದ ಗಾಡಿ ಬಿಟ್ರೆ ಲೆಕ್ಕಕ್ಕಿಲ್ಲ ಅಂತ ರೂಲ್ಸ್ ಕೂಡ ಮಾಡಿದ್ದಾರೆ,” ಎಂದಳು. ಅವಳ ಕಣ್ಣಲ್ಲೂ ನೀರಾಡಿತು.

ಸಂಜೆ ಮಾನಪ್ಪ ಸ್ಕೂಟರನ್ನು ತಳ್ಳಿಕೊಂಡು ಹೊರಟ. ಹತ್ತಬೇಕೋ ಬೇಡವೋ ಅವನಿಗೇ ತಿಳಿಯಲಿಲ್ಲ. ದಾರಿಯಲ್ಲೊಬ್ಬ ರಿಕ್ಷಾದವ, “ಪೆಟ್ರೋಲ್ ಖತಂ ಕ್ಯಾ ಕಾಕಾ?” ಎಂದ. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಆದರೂ ಮಾನಪ್ಪ ಹೌದೆಂದು ತಲೆಯಾಡಿಸಿದ.

ಅಷ್ಟರಲ್ಲಿ ಜ್ಯೋತಿಯ ಫೋನು.

“ಯಪ್ಪಾ, ರಜಾ ಸಿಕ್ತೇನು?”

“ಇಲ್ಲವ್ವ.”

“ನಡ್ಕೋತ ಹೋಗೋರಿಗಿ ಕೊಡ್ತಾರ ಅಂದಿದ್ದಿ?”

ಎಲ್ಲಿಂದ ಶುರು ಮಾಡಿ ಹೇಳುವುದು? ಮಾನಪ್ಪ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ರಸ್ತೆ ಬದಿಗೆ ನಿಂತ. ಆ ಕಡೆ ಕೂಸು ಅಳುವುದು ಕೇಳಿಸಿತು.

“ತೊಟ್ಟಿಲ ನೀವೇ ತೂಗ್ರವ್ವ,” ಎಂದ.