ನೀಲಿ ಬ್ರಷ್ ಒದ್ದೆಯಾಗಿತ್ತು

ಬಣ್ಣದಂಗಡಿಯಲ್ಲಿ ಅವಳು ಕಲಸುತ್ತಿದ್ದ ಬಿಳಿ ಬಣ್ಣದ ಡಬ್ಬದೊಳಗೆ ನೀಲಿಯ ಒಂದು ಹನಿ ತೊಟ್ಟಿಕ್ಕಿತು, ಮುಳುಗಲಿಲ್ಲ, ಮೇಲೆಯೇ ಗುಂಡಗೆ ಕೂತಿತು, ಇದೇ ನೀಲಿ ಅಲ್ಲವೇ ಬಚ್ಚಲಿನ ಆ ಬ್ರಷ್ಷಿನದೂ — ಬೆಳಿಗ್ಗೆ ಸೋಪಿಗೆಂದು ಕೈ ಚಾಚಿದಾಗ ಬೆರಳಿಗೆ ತಗುಲಿತು, ಒದ್ದೆ, ಅಕ್ಕನ ಕೆಂಪು ಬ್ರಷ್ ಒದ್ದೆಯಿದ್ದರೆ ಸರಿ, ಅಕ್ಕ ಕೋಳಿಗಿಂತ ಮೊದಲು ಎದ್ದು ಹಲ್ಲುಜ್ಜುವವಳು, ಆದರೆ ನೀಲಿಯದು ಹೇಗೆ, ಅದನ್ನು ಯಾರೂ ಮುಟ್ಟುವುದಿಲ್ಲ, ತಂಗಿಯಾದ ತಾನು ಈ ಸಲ ಬಂದ ಮರುದಿನವೇ ಅಕ್ಕ ಅಂಗಡಿಗೆ ಹೋಗಿ ತಂದು ಲೋಟದಲ್ಲಿ ನಿಲ್ಲಿಸಿದ ಬ್ರಷ್ ಅದು, ತಗೋ ಕಣೇ ಇದು ನಿಂದು, ಹೂಂ ಅಕ್ಕ ಅಂದಿದ್ದಳು, ಅಂದು ತನ್ನ ಹಳೆಯದರಿಂದಲೇ ಉಜ್ಜಿ, ಒರೆಸಿ, ಚೀಲದ ಪಕ್ಕದ ಜೇಬಿಗೆ ಸೇರಿಸಿದ್ದಳು, ಇವತ್ತಿಗೂ ಅದು ಅಲ್ಲೇ ಇದೆ, ಚೀಲವೂ ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೇ ಇದೆ, ಬಟ್ಟೆ ತೆಗೆಯುವುದು, ಒಗೆಯುವುದು, ಸುರುಳಿ ಸುತ್ತಿ ಮತ್ತೆ ಅದರೊಳಗೇ ತುರುಕುವುದು, ಅಕ್ಕ ಬೀರುವಿನ ಅರ್ಧ ಖಾಲಿ ಮಾಡಿಕೊಟ್ಟಿದ್ದಾಳೆ, ಆ ಅರ್ಧ ಖಾಲಿಯಾಗಿಯೇ ಇದೆ, ಮಲಗುವಾಗ ಚೀಲದ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವ ಚಾಳಿ ಮಾತ್ರ ಈಗೀಗ ಬಿಟ್ಟಿದೆ, ಅದೂ ಅಕ್ಕ ನೋಡಿ ನಕ್ಕ ಮೇಲೆ, ನಮ್ಮನೇಲಿ ಕಳ್ಳರಿಲ್ಲ ಕಣೇ, ಇರೋಳು ನಾನೊಬ್ಳೇ, ನಿನ್ನ ಹರಕಲು ಬಟ್ಟೆ ಕದ್ದು ನಾನೇನ್ ಮಾಡ್ಲಿ. ಅಕ್ಕ ನಕ್ಕಳು ನಿಜ, ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು.

ಡಬ್ಬಕ್ಕೆ ಮುಚ್ಚಳ ಬಡಿದು ಅಲುಗಾಡಿಸುವ ಯಂತ್ರದೊಳಗೆ ಕೂರಿಸಿದಳು, ಗಡಗಡಗಡ, ಈ ಸದ್ದು ಅವಳಿಗೆ ಇಷ್ಟ, ಹಳೆಯ ಬಸ್ಸಿನ ಕೊನೆಯ ಸೀಟಿನ ಸದ್ದು, ಕಿಟಕಿಗೆ ಹಣೆಯಿಟ್ಟರೆ ಹಲ್ಲೆಲ್ಲ ನಡುಗುತ್ತಿದ್ದವು, ಎಷ್ಟು ವರ್ಷ, ಎಷ್ಟು ಊರು, ಯಾರ ಹಂಗೂ ಇಲ್ಲ, ಈ ಊರು ಸಾಕಾಯಿತೇ, ಮುಂದಿನ ಊರು — ನಿನ್ನೆ ಸಂಜೆ ಮನೆಗೆ ಹೋಗುವ ದಾರಿ ಬಿಟ್ಟು ಬಸ್ ನಿಲ್ದಾಣಕ್ಕೆ ಹೋದದ್ದು ಯಾಕೆ, ಹೋದದ್ದಲ್ಲ, ಕಾಲು ಕರೆದುಕೊಂಡು ಹೋಯಿತು, ಬೋರ್ಡು ಓದುತ್ತ ನಿಂತಳು, ಅಷ್ಟೇ, ಆದರೆ ಎದೆ ತುಂಬ ಉಸಿರು ಬಂತು, ಇಷ್ಟು ದಿನ ಅರ್ಧ ಉಸಿರಿನಲ್ಲೇ ಬದುಕಿದ್ದೆನಾ ಅನ್ನಿಸಿತು, ನಸುಕಿನ ಮೊದಲ ಬಸ್ಸಿನ ಹೊತ್ತು ಈಗಲೂ ಬಾಯಿಪಾಠ. ಸವಾರಿ ಎಲ್ಲಿಗೋ ಹೊರಟ ಹಾಗಿದೆ, ಅಂದರು ಯಜಮಾನರು ಗಲ್ಲಾಪೆಟ್ಟಿಗೆಯ ಕಡೆಯಿಂದ, ಅಂಗಡಿಗೆ ಸೇರಿದ ದಿನದಿಂದ ಅವಳ ಹೆಸರು ಸವಾರಿ, ಕಾಲಿಗೆ ಚಕ್ರ ಕಟ್ಕೊಂಡೋರು ಬಣ್ಣ ಕಲಸೋಕಾಗಲ್ಲಮ್ಮ, ಗಂಡು ಕೂತು ಕೆಟ್ಟ, ಹೆಣ್ಣು ತಿರುಗಿ ಕೆಟ್ಟಳು ಅಂತ ಹಿರಿಯರು ಸುಮ್ನೆ ಅಂದ್ರಾ, ಹಾಗಾದ್ರೆ ನೀವು ಕೂತು ಕೂತು ಎಷ್ಟು ಕೆಟ್ಟಿದ್ದೀರಿ ಸರ್ ಅಂದಿದ್ದಳು, ಹೊಟ್ಟೆ ಕುಣಿಸಿ ನಕ್ಕಿದ್ದರು, ಅದೇ ಯಜಮಾನರು ಇವತ್ತು ಬೆಳಿಗ್ಗೆ ನಗದೆ ಹೇಳಿದರು, ನೋಡಮ್ಮಾ, ಬಣ್ಣದ ಕೆಲಸ ಪೂರಾ ನಿನ್ನ ಕೈಗೇ ಬಿಡ್ತೀನಿ, ಖಾಯಂ, ಅಂಗಡಿ ಬೀಗದ ಕೈ ಒಂದು ನಿನ್ನ ಹತ್ರಾನೇ ಇರುತ್ತೆ, ಆಗುತ್ತೋ ಆಗಲ್ವೋ ಸಂಜೆಯೊಳಗೆ ಹೇಳು, ಹೋಗೋಳಾದ್ರೆ ಈಗ್ಲೇ ಹೋಗು, ನಡುನೀರಲ್ಲಿ ಕೈಬಿಡ್ಬೇಡ. ಬೀಗದ ಕೈ ಮೇಜಿನ ಮೇಲೆಯೇ ಇದೆ, ಅವಳು ಅತ್ತ ನೋಡುತ್ತಿಲ್ಲ.

ನಿವೃತ್ತ ನರ್ಸಮ್ಮ ಬಂದು ನಿಂತರು, ಕೈಯಲ್ಲಿ ಮೊನ್ನೆಯ ಡಬ್ಬ, ಏನಮ್ಮಾ ಇದು, ಗೋಡೆಗೆ ತೇಪೆ ಹಾಕಿದ ಹಾಗೆ ಕಾಣ್ತಿದೆ, ನಾನು ದಿನಾ ಆ ಗೋಡೆಗೆ ಮುಖ ಮಾಡ್ಕೊಂಡೇ ಮಲಗೋಳು. ಅವಳಿಗೆ ಮುಖ ಬಿಸಿಯಾಯಿತು, ಮೊನ್ನೆ ಒಣಗಿಸಿ ನೋಡದೆಯೇ ಕೊಟ್ಟುಬಿಟ್ಟಿದ್ದಳು, ಹೊರಡಬೇಕಾದವಳ ಆತುರ, ಆತುರಗಾರನಿಗೆ ಬುದ್ಧಿ ಮಟ್ಟ, ಯಜಮಾನರು ಮೊದಲ ದಿನವೇ ಹೇಳಿಕೊಟ್ಟಿದ್ದರು, ಒದ್ದೆ ಬಣ್ಣ ಸುಳ್ಳು ಹೇಳುತ್ತೆ, ರಟ್ಟಿನ ಮೇಲೆ ಒಂದು ಎಳೆ ಎಳಿ, ಒಣಗೋ ತನಕ ಕಾಯಿ, ಆಮೇಲೆ ಗಿರಾಕಿ ತಂದ ಗೋಡೆ ಚೂರಿನ ಪಕ್ಕ ಇಟ್ಟು ನೋಡು. ಕಾಯುವುದು ಅವಳಿಗೆ ಗೊತ್ತಿಲ್ಲವೇ, ನಿಲ್ದಾಣಗಳಲ್ಲಿ ಇಡೀ ಹಗಲು ಕಾದಿದ್ದಾಳೆ, ಆದರೆ ಅದು ಹೋಗಲಿಕ್ಕೆ ಕಾಯುವುದು, ಇರಲಿಕ್ಕೆ ಕಾಯುವುದು ಬೇರೆಯೇ ವಿದ್ಯೆ. ಕೂತ್ಕೊಳ್ಳಿ ಅಮ್ಮಾ, ತಪ್ಪು ನಂದೇ, ಈಗ ಸರಿ ಮಾಡಿಕೊಡ್ತೀನಿ. ಹೊಸದಾಗಿ ಕಲಸಿ ರಟ್ಟಿನ ಮೇಲೆ ಎಳೆದು ಫ್ಯಾನಿನ ಕೆಳಗಿಟ್ಟು ಕೂತಳು, ನರ್ಸಮ್ಮನೂ ಕೂತರು, ನೀಲಿ ನಿಧಾನವಾಗಿ ಮಂಕಾಗುತ್ತ ತನ್ನ ನಿಜಕ್ಕೆ ಬರುತ್ತಿದೆ, ಒದ್ದೆ ಸುಳ್ಳು ಹೇಳುತ್ತದೆ, ಒದ್ದೆ — ಬ್ರಷ್ — ಯಾರಿಗೆ ಹೇಳಿದ ಸುಳ್ಳು ಅದು. ಹಿಂದೊಮ್ಮೆ ಬಂದಿದ್ದಾಗ, ಇನ್ನೂ ಕತ್ತಲಿರುವಾಗಲೇ, ಅಕ್ಕ ಏಳುವ ಮೊದಲು ಎದ್ದು ಹೋಗಿದ್ದಳು, ಹೇಳಿದರೆ ಅಕ್ಕನ ಮುಖ ನೋಡಬೇಕಲ್ಲ, ಅದಕ್ಕೆ, ಎರಡು ಊರು ದಾಟಿದ ಮೇಲೆ ಫೋನ್ ಮಾಡಿದರೆ ಅಕ್ಕ ಬೈಯಲಿಲ್ಲ, ಲೋಟದಲ್ಲಿ ನಿನ್ನ ಬ್ರಷ್ ಇರ್ಲಿಲ್ಲ ಕಣೇ, ಆಗ್ಲೇ ಗೊತ್ತಾಯ್ತು, ಊಟ ಮಾಡಿದ್ಯಾ? ಆವತ್ತಿನಿಂದ ಅವಳು ಎಲ್ಲಿಯೂ, ಯಾರ ಲೋಟದಲ್ಲಿಯೂ ಬ್ರಷ್ ಇಟ್ಟಿಲ್ಲ. ಒಣಗ್ತು ನೋಡಮ್ಮಾ, ಅಂದರು ನರ್ಸಮ್ಮ. ಒಣಗಿತ್ತು, ಗೋಡೆಯ ಚೂರಿನ ಪಕ್ಕ ಇಟ್ಟರೆ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ಬಾಗಿಲು ಎಳೆಯುವ ಹೊತ್ತಿಗೆ ಯಜಮಾನರು ಕೇಳಿದರು, ಏನು ಮಾಡಿದೆ, ಒಣಗ್ಲಿ ಸರ್ ಅಂದಳು, ನಾನು ಬಣ್ಣ ಕೇಳ್ಲಿಲ್ಲಮ್ಮ ನಿನ್ನನ್ನ ಕೇಳಿದೆ, ನಾನೂ ನನ್ನ ವಿಷ್ಯಾನೇ ಹೇಳಿದ್ದು ಸರ್, ಅವರು ಗೊಣಗಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು, ಸರಿ, ನಾಳೆ ಬೆಳಿಗ್ಗೆ ಬಂದರೆ ನಿಂದು, ಬರದಿದ್ರೆ ನಿನ್ನ ದಾರಿ ನಿಂದು. ಮೂಲೆಯಲ್ಲಿ ಎಡಕ್ಕೆ ತಿರುಗಿದರೆ ನಿಲ್ದಾಣ, ಬಲಕ್ಕೆ ಮನೆ, ಎಡಕ್ಕೆ ನೋಡಿದಳು, ನೋಡದೆ ಇರಲಾಗಲಿಲ್ಲ, ಬಲಕ್ಕೆ ನಡೆದಳು, ಮೆಟ್ಟಿಲು ಹತ್ತುವಾಗಲೇ ಹೊಲಿಗೆ ಯಂತ್ರದ ಟರ್‌ರ್, ಬಂದ್ಯಾ, ಕೈಕಾಲು ತೊಳ್ಕೋ, ಹೂಂ ಅಕ್ಕ. ಬಚ್ಚಲಿನ ದೀಪ ಹಾಕಿ ನೀಲಿ ಬ್ರಷ್ ಕೈಗೆತ್ತಿಕೊಂಡಳು, ಈಗ ಒಣಗಿದೆ, ಒಂದು ಎಳೆಯೂ ಬಾಗಿಲ್ಲ, ಅಕ್ಕನದರ ಎಳೆಗಳು ಉಜ್ಜಿ ಉಜ್ಜಿ ಕೆದರಿವೆ, ಇದು ಅಂಗಡಿಯಿಂದ ತಂದ ಹಾಗೇ, ಆದರೆ ಬುಡದಲ್ಲಿ ಬಿಳಿಯ ಉಂಗುರ, ನೀರಿನ ಕಲೆ, ಒಂದು ದಿನದ ನೀರಿಗೆ ಇಷ್ಟು ಕಲೆ ಕಟ್ಟುವುದಿಲ್ಲ, ದಿನಾ, ಹಾಗಾದರೆ ದಿನಾ — ಎದ್ದ ಕೂಡಲೆ ಅಕ್ಕ ಇಲ್ಲಿಗೆ ಬರುತ್ತಾಳೆ, ಲೋಟ ನೋಡುತ್ತಾಳೆ, ಒಣ ಬ್ರಷ್ ಕಂಡರೆ ತಂಗಿ ಹೋದಳೆಂದೇ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೆ ನಲ್ಲಿ ತಿರುಗಿಸಿ, ತಂಗಿಗೆ ಎಚ್ಚರವಾಗದ ಹಾಗೆ ಸಣ್ಣಗೆ ತಿರುಗಿಸಿ, ನೀಲಿ ಬ್ರಷ್ಷನ್ನು ನೀರಿಗೆ ಹಿಡಿದು, ಹೆಬ್ಬೆರಳಿನಿಂದ ಒಮ್ಮೆ ಸವರಿ, ಲೋಟದಲ್ಲಿಟ್ಟು ತನಗೆ ತಾನೇ ಹೇಳಿಕೊಳ್ಳುತ್ತಾಳೆ, ಇದ್ದಾಳೆ. ಅಯ್ಯೋ ಅಕ್ಕ. ಪೇಸ್ಟು ಹಿಂಡಿ ಬಾಯಿಗಿಟ್ಟಳು, ಬಿರುಸು, ಹೊಸದರ ಬಿರುಸು, ವಸಡಿಗೆ ಚುಚ್ಚುತ್ತದೆ, ಉಜ್ಜಿದಳು, ಹೊರಗೆ ಯಂತ್ರ ನಿಂತಿತು, ಯಾಕೇ, ಈ ಹೊತ್ತಲ್ಲಿ ಹಲ್ಲುಜ್ತಿದ್ದೀಯಾ, ಬಾಯಿ ತುಂಬ ನೊರೆ, ಏನು ಹೇಳಲಿಕ್ಕಾಗುತ್ತದೆ, ಹೂಂ, ಅಷ್ಟೇ, ಎಲ್ಲಿಗಾದ್ರೂ ಹೊರಟ್ಯಾ, ಅಕ್ಕನ ದನಿ ಬಾಗಿಲಿಗೆ ಹತ್ತಿರ ಬಂದು ಸಣ್ಣಗಾಗಿದೆ, ಉಹುಂ, ಮತ್ತೆ ಉಹುಂ, ಉಗುಳಿ, ಬಾಯಿ ಮುಕ್ಕಳಿಸಿ, ಬ್ರಷ್ ತೊಳೆದು, ಕೈ ಅಭ್ಯಾಸದಂತೆ ಒರೆಸಲು ಹೋಯಿತು, ನಿಂತಿತು, ಲೋಟದಲ್ಲಿಟ್ಟಳು, ಕೆಂಪಿನ ಪಕ್ಕ ನೀಲಿ, ಅಗುಳಿ ತೆಗೆದಳು, ಅಕ್ಕ ಬಾಗಿಲಲ್ಲೇ ನಿಂತಿದ್ದಾಳೆ, ಕೊರಳಲ್ಲಿ ಅಳತೆ ಟೇಪು, ತಂಗಿಯನ್ನು ನೋಡುತ್ತಿಲ್ಲ, ಅವಳ ಭುಜದಾಚೆ ಲೋಟ ನೋಡುತ್ತಿದ್ದಾಳೆ, ನೀಲಿ ಬ್ರಷ್, ತುದಿಯಲ್ಲಿ ಹನಿ, ಒದ್ದೆ, ನೀಲಿ ಬ್ರಷ್ ಒದ್ದೆ