ಪಂಚಮಿಗೆ ಮುಂಚೆ ಒಂದು ಬ್ಯಾಟರಿ

೧

ಎಲ್ಲಿಂದ ಶುರು ಮಾಡಲಿ? ಕಾರಿನಿಂದ ಶುರು ಮಾಡಿದರೆ ಗಂಡಸರು ಓದುತ್ತಾರೆ. ಗುರುಬಸವ್ವನಿಂದ ಶುರು ಮಾಡಿದರೆ ಯಾರೂ ಓದುವುದಿಲ್ಲ, ಹೆಂಗಸರಿಗೆ ಪುರಸೊತ್ತಿಲ್ಲ. ಆದ್ದರಿಂದ ಕಾರು.

ಕೆಂಪು ಸ್ಪೋರ್ಟ್ಸ್ ಕಾರು. ಮೇಲೆ ಚಾವಣಿ ಇಲ್ಲ, ಒಳಗೆ ಎರಡೇ ಸೀಟು. ಎಪ್ಪತ್ತೆರಡರಲ್ಲಿ ಮುಂಬೈಯ ಯಾರೋ ಒಬ್ಬ ಬೆಂಗಳೂರಿಗೆ ಹೊರಟಿದ್ದಾಗ ಅದು ಕಿತ್ತೂರಿನ ಹತ್ತಿರ ಕೆಟ್ಟು ನಿಂತಿತು. ಆತ ಸಿಟ್ಟಿನಲ್ಲಿ ಮಾರಿ ಬಸ್ಸು ಹತ್ತಿದ. ಕೊಂಡವನು ಬೈಲಹೊಂಗಲದ ಹತ್ತಿ ವ್ಯಾಪಾರಿ ನಿಜಗುಣಪ್ಪ. ಐದು ಮಂದಿಯ ಮನೆಗೆ ಎರಡು ಸೀಟಿನ ಕಾರು. (ಇದು ಕಲ್ಪನೆ ಎಂದು ದೂರಬೇಡಿ. ಕಲ್ಪನೆಯೇ. ಇಂಥ ಗಂಡಸರನ್ನು ಕಲ್ಪಿಸಿಕೊಳ್ಳಲು ಹೆಚ್ಚು ಶ್ರಮ ಬೇಡ.)

ಎರಡು ವರ್ಷದಲ್ಲಿ ಎರಡನೆಯ ಸೀಟಿನ ಮೇಲೆ ಗಿರಣಿಯ ಮ್ಯಾನೇಜರ್ ಕೂತಿದ್ದಾನೆ, ಸವದತ್ತಿಯ ಬೀಗರು ಕೂತಿದ್ದಾರೆ, ಒಮ್ಮೆ ಹತ್ತಿಯ ಸ್ಯಾಂಪಲ್ ಚೀಲ ಕೂತಿದೆ. ನಿಜಗುಣಪ್ಪನ ಹೆಂಡತಿ ಗುರುಬಸವ್ವ ಕೂತಿಲ್ಲ.

೨

(ಮೊದಲು ಬರೆದ ಎರಡನೆಯ ಭಾಗವನ್ನು ಹರಿದೆ. ಅದರಲ್ಲಿ ಗುರುಬಸವ್ವ ಅಳುತ್ತಿದ್ದಳು. "ಅಳೂದನ್ನ ತಗೀರಿ, ನನಗ ಕೆಲಸೈತಿ," ಅಂದಳು.)

೨, ಇನ್ನೊಮ್ಮೆ

ನಾಗರಪಂಚಮಿಗೆ ಹೆಣ್ಣುಮಗಳು ತವರಿಗೆ ತಾನಾಗಿ ಹೋಗುವುದಿಲ್ಲ, ಕರೆಯಲು ಬರುತ್ತಾರೆ. ಗುರುಬಸವ್ವನ ತವರು ತೊರಗಲ್. ಪ್ರತಿ ವರ್ಷ ಅಣ್ಣ ಬಸ್ಸಿಳಿದು ಬರುತ್ತಿದ್ದ, ಕುಪ್ಪಸದ ಕಣ ಕೊಟ್ಟು, ಉಂಡು, ತಂಗಿಯನ್ನು ಕರೆದುಕೊಂಡು ಹೋಗುತ್ತಿದ್ದ. ಈ ಸಲ, ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ, ಅಣ್ಣ ಜ್ವರ ಬಂದು ತೀರಿಕೊಂಡ. ಅಲ್ಲಿ ಉಳಿದವಳು ತಾಯಿ ಮುದಕವ್ವ ಒಬ್ಬಳೇ. ಕರೆಯಲು ಯಾರು ಬರಬೇಕು?

"ನಾನ ಕರಕೊಂಡು ಹೋಗತೇನಿ, ಕಾರಿನ್ಯಾಗ," ಅಂದ ನಿಜಗುಣಪ್ಪ. ಅಳಿಯನೇ ಕರೆತಂದ ಎಂದರೆ ಊರಿನ ಬಾಯಿ ಮುಚ್ಚುತ್ತದೆ. ಗುರುಬಸವ್ವ ಅಂದೇ ಉಂಡಿಗೆಂದು ಶೇಂಗಾ ಹುರಿಯಲು ಕೂತಳು.

ಹಬ್ಬಕ್ಕೆ ಒಂಬತ್ತು ದಿನ ಇದ್ದಾಗ ಕಾರಿನ ಗುಂಡಿ ಒತ್ತಿದರೆ ಟಿಕ್ ಎಂದಿತು, ಮತ್ತೇನೂ ಅನ್ನಲಿಲ್ಲ.

(ಒಲೆಯ ಮೇಲೆ ಬೇಳೆ ಇದೆ. ಬಂದೆ.)

೩

ತಳ ಹತ್ತಿದೆ. ಬೇಳೆಯದು, ಕಥೆಯದು ಇನ್ನೂ ಇಲ್ಲ.

ಬಸ್ ಸ್ಟ್ಯಾಂಡಿನ ಬಳಿ ಲಾರಿ, ಟ್ರ್ಯಾಕ್ಟರುಗಳ ಬ್ಯಾಟರಿ ಚಾರ್ಜ್ ಮಾಡುವ ಹಜರತಸಾಬ ಮನೆಗೇ ಬಂದ. ಸೀಟಿನ ಹಿಂದಿನ ಹಲಗೆ ಎತ್ತಿ ನೋಡಿದ. ಗುರುಬಸವ್ವ ಚಹಾ ಹಿಡಿದು ಬಾಗಿಲ ಮರೆಯಲ್ಲಿ ನಿಂತಳು.

"ಸಾವಕಾರ್ರ, ಇದಕ್ಕ ಬ್ಯಾಟ್ರಿ ಒಂದಲ್ರಿ, ಎರಡು. ಆರಾರು ವೋಲ್ಟಿನೂವು. ಈ ತಗ್ಗಿನ್ಯಾಗ ಕುಂದ್ರತಾವು. ಎರಡೂ ಸತ್ತಾವ್ರಿ."

"ಹೊಸಾವು ಹಾಕು."

"ಈ ಅಳತೀವು ಮುಂಬೈದಿಂದ ಬರಬೇಕ್ರಿ. ತಿಂಗಳ ಮ್ಯಾಲ ಹಿಡಿತೈತಿ."

"ಪಂಚಮಿ ನಿನ್ನ ಸಲುವಾಗಿ ನಿಂದ್ರತೈತೇನು?"

"ಹಂಗಾರ ಮೋಟರ್ ಸೈಕಲ್ಲಿನೂವು ಎರಡು ಹಾಕೂಣ್ರಿ. ಸಣ್ಣವು, ತಗ್ಗಿನ್ಯಾಗ ಹಿಡಿತಾವು. ಗಾಡಿ ಓಡತೈತಿ. ಸೆಲ್ಫ್ ಮಾತ್ರ ಎತ್ತಂಗಿಲ್ಲ. ಪ್ರತಿ ಸಲ ಇಬ್ಬರು ನೂಕಬೇಕು."

"ತೊರಗಲ್ಲಿನ್ಯಾಗ, ಅತ್ತಿ ಮನಿ ಮುಂದ, ನನ್ನ ಕಾರು ಮಂದಿ ನೂಕಬೇಕು?"

ಬಾಗಿಲ ಮರೆಯಿಂದ ಗುರುಬಸವ್ವ, "ನೂಕಲಿ ಬಿಡ್ರಿ. ನಾನೂ ಇಳದು ನೂಕತೇನಿ," ಅಂದಳು.

"ನೀ ಒಳಗ ನಡಿ."

ಹಜರತಸಾಬ ಗಂಟಲು ಸರಿ ಮಾಡಿಕೊಂಡ. "ಇನ್ನೊಂದು ಅಂದ್ರ ಲಾರೀದ್ರಿ. ಹನ್ನೆರಡು ವೋಲ್ಟು, ಒಂದ ಸಾಕು. ಪಂಚಮಿ ಒಳಗ ಕೊಡತೇನಿ. ಗುಂಡಿ ಒತ್ತಿದ್ರ ಹುಲಿ ಎದ್ದಂಗ ಏಳತೈತಿ."

"ಹುಲಿ ಹಾಕು," ಅಂದು ನಿಜಗುಣಪ್ಪ ಅಂಗಡಿಗೆ ಹೊರಟ.

ಗುರುಬಸವ್ವ ಚಹಾ ಕೊಡುವ ನೆಪದಲ್ಲಿ ಕಾರಿನ ಹತ್ತಿರ ಬಂದು, ಆ ತಗ್ಗಿನಲ್ಲಿ ಕೈ ಇಟ್ಟು ಅಳೆದಳು. ರೊಟ್ಟಿ ಬಡಿಯುವ ಕೈ, ಅಳತೆ ತಪ್ಪುವುದಿಲ್ಲ.

"ಹಜರತಸಾಬಣ್ಣ, ತಗ್ಗು ಒಂದು ಗೇಣು ಐತಿ. ಹತ್ತಿ ತುಂಬಾಕ ಬರೂ ಲಾರಿ ಬ್ಯಾಟ್ರಿ ನಾ ನೋಡೇನಿ, ಎರಡು ಗೇಣ ಮ್ಯಾಲ ಐತಿ. ಎಲ್ಲಿ ಇಡ್ತೀರಿ?"

ಹಜರತಸಾಬ ಬಟ್ಟಲಿನೊಳಗೆ ನೋಡಿದ. "ಎಲ್ಯಾರ ಕುಂದ್ರಸೂಣ್ರಿ, ಅಕ್ಕಾರ."

ಗೊತ್ತಿತ್ತು ಅವನಿಗೆ. ನನಗೂ ಗೊತ್ತಿತ್ತು. ಈಗ ನಿಮಗೂ ಗೊತ್ತಾಯಿತು. ಆ ದಿನ ಮನೆಯಲ್ಲಿ ವೋಲ್ಟಿನ ಮಾತಾಯಿತು, ಪ್ಲೇಟಿನ ಮಾತಾಯಿತು, ಗ್ಯಾರಂಟಿಯ ಮಾತಾಯಿತು. ಗೇಣಿನ ಮಾತು ಗಂಡಸರು ಯಾರೂ ಆಡಲಿಲ್ಲ.

೪

ಇಲ್ಲಿ ಕಥೆ ನಿಲ್ಲಿಸಿ ಅವಳ ಜೊತೆ ಜಗಳವಾಡಿದೆ.

"ಗುರುಬಸವ್ವ, ಬಸ್ಸು ಹತ್ತು. ದಿನಕ್ಕೆ ಮೂರು ಬಸ್ಸು ಬರೆದುಕೊಡುತ್ತೇನೆ, ಕಿಟಕಿಯ ಪಕ್ಕದ ಸೀಟು."

"ಬರಿಯಾಕ ನಿಮಗೇನ್ರಿ. ಕರಿಯಾಕ ಬರದ ನಾ ಒಬ್ಬಾಕೀನ ಇಳದ್ರ ಏನಂದಂಗ ಆತು? ನಿನ್ನ ಮಗಾ ಸತ್ತಾನ, ಕರಿಯಾವ್ರಿಲ್ಲ ಅಂತ ನನ್ನವ್ವನ ಮುಂದ ಡಂಗುರಾ ಹೊಡದಂಗ."

"ಗಂಡನನ್ನೇ ಬಸ್ಸಿನಲ್ಲಿ ಕೂರಿಸಲೇ?"

"ಕೂಡ್ರಸ್ರಿ ನೋಡೂಣು."

ಕೂರಿಸಲು ಹೋದೆ. ನಿಜಗುಣಪ್ಪ ನನ್ನನ್ನೇ ದಬಾಯಿಸಿದ. "ಮನ್ಯಾಗ ಕಾರು ಇಟಗೊಂಡು ಬಸ್ಸಿಗೆ ಹೋಗಾಕ ನನಗ ತಲಿ ಕೆಟ್ಟೈತೇನು?" ನನ್ನ ಪಾತ್ರಗಳು ನನ್ನ ಮಾತು ಕೇಳುವುದಿಲ್ಲ. ಮಕ್ಕಳೂ ಕೇಳುವುದಿಲ್ಲ. ರೂಢಿಯಾಗಿದೆ.

೫

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹಜರತಸಾಬ ಬ್ಯಾಟರಿ ತಂದ. ತಗ್ಗಿನಲ್ಲಿ ಹಿಡಿಯಲಿಲ್ಲ. ಹಿಂದೆ ಜಾಗವಿಲ್ಲ, ಮುಂದಕ್ಕೆ ಕೇಬಲ್ ಮುಟ್ಟುವುದಿಲ್ಲ. ಕೇಬಲ್ ಮುಟ್ಟಿದ್ದು ಒಂದೇ ಕಡೆ. ಎರಡನೆಯ ಸೀಟಿನ ಮೇಲೆ ಚೀಲ ಹಾಸಿ, ಬ್ಯಾಟರಿ ಕೂರಿಸಿ, ಹಗ್ಗದಿಂದ ಬಿಗಿದ. ಧೂಳು ಬೀಳದಿರಲೆಂದು ನಿಜಗುಣಪ್ಪನೇ ಮೇಲೆ ಒಂದು ಹಸಿರು ಬಟ್ಟೆ ಹೊದಿಸಿದ. ಗುಂಡಿ ಒತ್ತಿದ. ಹುಲಿ ಎದ್ದಿತು. ಓಣಿಯ ಮಂದಿ ಕೂಡಿದರು.

ಗುರುಬಸವ್ವ ಇಳಕಲ್ ಸೀರೆ ಉಟ್ಟು, ಉಂಡಿಯ ಡಬ್ಬಿ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು.

"ಇಳಸ್ರಿ. ತೊಡಿ ಮ್ಯಾಲ ಇಟಗೊಂತೇನಿ," ಅಂದಳು.

"ಬ್ಯಾಡ್ರಿ ಅಕ್ಕಾರ," ಅಂದ ಹಜರತಸಾಬ, ತನ್ನ ತೂತುಬಿದ್ದ ಅಂಗಿ ತೋರಿಸಿ. "ಆಸಿಡ್ ತುಳಕತೈತಿ. ಸೀರಿ ಹೋಗತೈತಿ, ಮೈ ಸುಡತೈತಿ."

ನಿಜಗುಣಪ್ಪ ಗಡಿಯಾರ ನೋಡಿಕೊಂಡ. "ಮಾತು ಕೊಟ್ಟೇನಿ. ಕಾರು ತೊರಗಲ್ಲಿಗೆ ಹೋಗಾಕ ಬೇಕು. ಡಬ್ಬಿ ಕೊಡು, ನಿಮ್ಮವ್ವಗ ಮುಟ್ಟಸತೇನಿ."

"ಮಾತು ಕೊಟ್ಟದ್ದು ಕಾರಿಗೇನ್ರಿ?"

ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. (ಕೇಳಿತು ಎಂದೇ ಮೊದಲು ಬರೆದಿದ್ದೆ. ಕೇಳಿಯೂ ಹೋದ ಎಂದು ಬರೆಯುವಾಗ ಕೈ ತಡೆಯಿತು. ಅವನಿಗೆ ಇಷ್ಟು ಕರುಣೆ ತೋರಿಸಿದ್ದು ನನ್ನ ತಪ್ಪು.)

ಒಂದು ಕೊನೆ

ಮುಂಬೈಯ ಪಾರ್ಸಲ್ ಹಬ್ಬಕ್ಕೆ ಮುಂಚೆಯೇ ಬಂತು. ಎರಡು ಪುಟ್ಟ ಬ್ಯಾಟರಿ ತಗ್ಗಿನಲ್ಲಿ ಅವಳಿಮಕ್ಕಳಂತೆ ಕೂತವು. ಗುರುಬಸವ್ವ ಸೀಟಿನ ಮೇಲೆ ಕೂತಳು.

"ಆರ್ಡರ್ ಹಾಕಿದವ್ರು ಯಾರ್ರಿ?" ಎಂದು ಅವಳೇ ಕೇಳಿದಳು. ಈ ಕೊನೆಯನ್ನು ಹೊಡೆದುಹಾಕಿದೆ.

ಇನ್ನೊಂದು ಕೊನೆ

ಸವದತ್ತಿ ದಾಟಿದ ಮೇಲೆ ಕಾರು ಕೆಟ್ಟಿತು, ಗಂಡನಿಗೆ ಬುದ್ಧಿ ಬಂತು. ಮೊದಲ ಅರ್ಧ ಆಗಬಹುದು. ಇದನ್ನೂ ಹೊಡೆದುಹಾಕಿದೆ.

ಆದದ್ದು

ಸಂಜೆಗೆ ನಿಜಗುಣಪ್ಪ ತಿರುಗಿ ಬಂದ, ಖುಷಿಯಲ್ಲಿ. ಕಾಲು ತೊಳೆದು, ರೊಟ್ಟಿಗೆ ಕೂತ.

"ಒಂದ ಒತ್ತಿಗೆ ಚಾಲೂ ಆತು ನೋಡು. ಊರ ಅಗಸಿ ಬಾಗಲತನಾ ಮಂದಿ ನಿಂತಿದ್ರು."

"ಅವ್ವ?"

"ನಿಮ್ಮವ್ವಗ ಕಣ್ಣು ಪೂರಾ ಮಂದ ಆಗ್ಯಾವ." ನೆನೆದು ಅವನಿಗೆ ನಗು ಬಂತು. "ಗಾಡಿ ನಿಂತ ಕೂಡಲೆ ತಂಬಿಗಿ ನೀರು ತಗೊಂಡು ಓಡಿ ಬಂದ್ಲು. ಸೀದಾ ಆ ಕಡೆ ಹೋಗಿ, ಹಸರ ಅರವಿ ಮುಟ್ಟಿ, 'ಇಳಿ ನನ್ನವ್ವಾ, ದಣದಿ' ಅಂದ್ಲು. ಬ್ಯಾಟ್ರಿಗೆ! ಮಂದಿ ಹೊಟ್ಟಿ ಹಿಡಕೊಂಡು ನಕ್ರು."

ಗುರುಬಸವ್ವನ ಕೈಯಲ್ಲಿ ಪಲ್ಯದ ಸೌಟು ಇತ್ತು. "ಆಮ್ಯಾಲ?"

"ಆಮ್ಯಾಲೇನು, ಮಂದಿಗೆಲ್ಲಾ ಬಾನೆಟ್ ಎತ್ತಿ ತೋರಿಸಿದೆ."

"ಅವ್ವ ಆಮ್ಯಾಲ ಏನ್ ಮಾಡಿದ್ಲು?"

"ಅದನ್ಯಾರು ನೋಡ್ಯಾರ. ಪಲ್ಯಾ ಹಾಕು."

ಈಗ ಅವಳು ನನ್ನ ಕಡೆ ತಿರುಗಿದ್ದಾಳೆ. ಬರೆಯುವವಳು ನಾನು, ಮುದಕವ್ವ ಆ ತಂಬಿಗೆಯ ನೀರನ್ನು ಏನು ಮಾಡಿದಳು ಎಂದು ಎರಡು ಸಾಲಿನಲ್ಲಿ ಹೇಳಬಹುದು. ನಕ್ಕಳು ಎನ್ನಬಹುದು, ಎಲ್ಲರ ಜೊತೆ. ಗುರುಬಸವ್ವನಿಗೆ ಅಷ್ಟು ಸಾಕಾಗುತ್ತದೇನೋ. ಆದರೆ ಅಲ್ಲಿದ್ದ ಅಷ್ಟೂ ಮಂದಿ ಕಾರು ನೋಡುತ್ತಿದ್ದರು. ಯಾರೂ ನೋಡದ್ದನ್ನು ನೋಡಿದಂತೆ ಬರೆದು ಗುರುಬಸವ್ವನನ್ನು ಸಮಾಧಾನ ಮಾಡಿ ಮಲಗಿಸಲಾರೆ.

ಅವಳು ಸೌಟು ಇಳಿಸಿಲ್ಲ. ಮತ್ತೆ ಕೇಳುತ್ತಿದ್ದಾಳೆ.